ಮಾರ್ಚ್ 31ರವರೆಗೆ ಕಾಯಬೇಡಿ: ಷೇರು, ಡಿವಿಡೆಂಡ್ ಮತ್ತು ಟೀಚರಮ್ಮನ ಲೆಕ್ಕದ ಪುಸ್ತಕ

2025ರಲ್ಲಿ ಯುಗಾದಿ ಭಾನುವಾರ ಬಂತು, ಮಾರ್ಚ್ 30ಕ್ಕೆ. ಮಾರನೇ ದಿನ ಬೆಳಗ್ಗೆ ತುಮಕೂರಿನ ಎಸ್.ಎಸ್. ಪುರಂನ ನಮ್ಮ ಮನೆಯಲ್ಲಿ ಮಿಕ್ಕಿದ್ದ ಒಬ್ಬಟ್ಟಿಗೆ ತುಪ್ಪ ಸುರಿದುಕೊಂಡು ಕೂತು, ಮೊಬೈಲ್ ತೆಗೆದು, ನನ್ನ ಇಂಡೆಕ್ಸ್ ಫಂಡಿನ (ಷೇರು ಸೂಚ್ಯಂಕವನ್ನೇ ಅನುಸರಿಸುವ ಮ್ಯೂಚುವಲ್ ಫಂಡು) 950 ಯೂನಿಟ್ ಮಾರಲು ಆರ್ಡರ್ ಹಾಕಿದೆ. ಎರಡು ದಿನ ಬಿಟ್ಟು ಇನ್ನೊಂದು 950 ಮಾರುವುದು ಅಂತ ಪ್ಲಾನು. ಮೊದಲನೆಯದು ಮಾರ್ಚ್ 31ಕ್ಕೆ ಮುಗಿಯುವ ಹಳೇ ಹಣಕಾಸು ವರ್ಷದ ಲೆಕ್ಕಕ್ಕೆ, ಎರಡನೆಯದು ಹೊಸ ವರ್ಷದ ಲೆಕ್ಕಕ್ಕೆ. ಎರಡೂ ವರ್ಷದ ತೆರಿಗೆ ವಿನಾಯಿತಿ ಸಿಗುತ್ತದೆ, ತಾರಸಿ ರಿಪೇರಿಗೆ ದುಡ್ಡೂ ಆಗುತ್ತದೆ. ಹೈಸ್ಕೂಲಲ್ಲಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟವಳು ನಾನು. ಇಷ್ಟೂ ಬರಲ್ವಾ ಅಂತ ಒಳಗೊಳಗೇ ಬಿಂಕ.

ಅವತ್ತು ರಂಜಾನ್. ಷೇರುಪೇಟೆಗೆ ರಜೆ. ಮಕ್ಕಳಿಗೆ ರಜೆ ಅಂತ ಗೊತ್ತಿತ್ತು, ಪೇಟೆಗೂ ರಜೆ ಅನ್ನುವುದು ಹೊಳೆಯಲೇ ಇಲ್ಲ. ರಜೆಯ ದಿನ ಆರ್ಡರ್ ಹಾಕಿದರೆ ಮುಂದಿನ ಕೆಲಸದ ದಿನದ ಎನ್‌ಎವಿ, ಅಂದರೆ ಆ ದಿನದ ಯೂನಿಟ್ ಬೆಲೆ ಸಿಗುತ್ತದೆ. ನನಗೆ ಸಿಕ್ಕಿದ್ದು ಏಪ್ರಿಲ್ 1ರದ್ದು. ಹಳೇ ವರ್ಷದ ಕೊನೆಯ ವಹಿವಾಟು ಹಿಂದಿನ ಶುಕ್ರವಾರ, ಮಾರ್ಚ್ 28ಕ್ಕೇ ಮುಗಿದಿತ್ತು. ಎರಡೂ ಮಾರಾಟ ಒಂದೇ ವರ್ಷಕ್ಕೆ ಬಿದ್ದವು.

ನನ್ನ ಈ ತಪ್ಪಿನಲ್ಲಿ ಕಲಿಯುವುದು ಬೇಕಾದಷ್ಟಿದೆ. ಹಾಗಾಗಿ ಅದನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ.

ಮೊದಲು ನನ್ನ ಲೆಕ್ಕ ನೋಡಿ

ನಿವೃತ್ತಿಯಾದಾಗ, 2019ರ ಜೂನ್‌ನಲ್ಲಿ, 2,09,000 ರೂಪಾಯಿ ಆ ಫಂಡಿಗೆ ಹಾಕಿದ್ದೆ. ಸಂಖ್ಯೆಗಳನ್ನು ಸ್ವಲ್ಪ ಗುಂಡು ಮಾಡಿ ಹೇಳುತ್ತೇನೆ. ಯೂನಿಟ್‌ಗೆ 110 ರೂಪಾಯಿಯಂತೆ 1,900 ಯೂನಿಟ್ ಬಂತು. ಮಾರುವಾಗ ಬೆಲೆ 235. ಯೂನಿಟ್‌ಗೆ 125 ರೂಪಾಯಿ ಲಾಭ. ಒಟ್ಟು ಲಾಭ 2,37,500.

ಷೇರು ಮತ್ತು ಈಕ್ವಿಟಿ ಮ್ಯೂಚುವಲ್ ಫಂಡನ್ನು 12 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡು ಮಾರಿದರೆ ಅದು ದೀರ್ಘಾವಧಿ ಲಾಭ. ಒಂದು ಹಣಕಾಸು ವರ್ಷದಲ್ಲಿ ಇಂಥ ಲಾಭ 1,25,000 ರೂಪಾಯಿವರೆಗೆ ತೆರಿಗೆ ಇಲ್ಲ. ಅದರ ಮೇಲಿನದಕ್ಕೆ ಶೇ. 12.5, ಆ ತೆರಿಗೆಯ ಮೇಲೆ ಶೇ. 4 ಸೆಸ್.

ನಾನು ಅಂದುಕೊಂಡಂತೆ ಅರ್ಧರ್ಧ ಮಾರಿದ್ದರೆ ವರ್ಷಕ್ಕೆ 1,18,750 ರೂಪಾಯಿ ಲಾಭ. ಎರಡೂ ವರ್ಷ ಮಿತಿಯ ಒಳಗೇ. ತೆರಿಗೆ ಸೊನ್ನೆ. ಈಗ ಒಂದೇ ವರ್ಷಕ್ಕೆ 2,37,500 ಬಿತ್ತು. 1,25,000 ಕಳೆದರೆ 1,12,500 ಉಳಿಯಿತು. ಅದಕ್ಕೆ ಶೇ. 12.5 ಅಂದರೆ 14,062 ರೂಪಾಯಿ 50 ಪೈಸೆ. ಸೆಸ್ ಸೇರಿ 14,625. ಒಂದು ರಜೆಯ ದಿನದ ಬೆಲೆ!

ಮೊದಲ ಆರ್ಡರಿನ ತಾರೀಖು ನೋಡಿದ ಮೇಲೆ ಎರಡನೆಯದನ್ನು ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಯಾಕೆ ಅಂದರೆ ಆ ಫೆಬ್ರವರಿಯ ಬಜೆಟ್‌ನಲ್ಲಿ 12 ಲಕ್ಷದವರೆಗೆ ಆದಾಯ ತೆರಿಗೆ ಇಲ್ಲ ಅಂದಿದ್ದರು. ಏಪ್ರಿಲ್ 1ರಿಂದ ಆ ಲೆಕ್ಕವೇ ಶುರು. ನನ್ನ ಆದಾಯ 12 ಲಕ್ಷದ ಹತ್ತಿರವೂ ಹೋಗಲ್ಲ. ಹೋಗಲಿ ಬಿಡು, ಎಲ್ಲಾ ಹೊಸ ವರ್ಷದಲ್ಲೇ ಇರಲಿ ಅಂದುಕೊಂಡೆ.

12 ಲಕ್ಷ ಅನ್ನುವುದು ಯಾವುದಕ್ಕೆ

ಸಿದ್ಧಗಂಗೆ ಜಾತ್ರೆ ಶಿವರಾತ್ರಿ ಹೊತ್ತಿಗೆ ಬರುತ್ತದೆ. ಈ ವರ್ಷ ಜಾತ್ರೆ ಮುಗಿದ ವಾರ ನನ್ನ ಹಳೇ ವಿದ್ಯಾರ್ಥಿಯೊಬ್ಬನ ಹತ್ತಿರ ಹೋಗಿದ್ದೆ. ಎಂ.ಜಿ. ರಸ್ತೆಯ ಒಂದು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತಾನೆ. ಎಂಟನೇ ಕ್ಲಾಸಲ್ಲಿ ಬೀಜಗಣಿತ ಅಂದರೆ ಅಳುತ್ತಿದ್ದ ಹುಡುಗ. ನನ್ನ ಕಾಗದ ತಿರುವಿ ಹಾಕಿ, "ಮೇಡಂ, 14,625 ಬರುತ್ತೆ" ಅಂದ.

"ಏನಪ್ಪಾ ಹೇಳ್ತೀಯ? 12 ಲಕ್ಷದವರೆಗೆ ಇಲ್ಲ ಅಲ್ವಾ?"

"ಅದು ರಿಬೇಟ್ ಮೇಡಂ. ಪೆನ್ಷನ್ನಿಗೆ, ಬಡ್ಡಿಗೆ, ಡಿವಿಡೆಂಡಿಗೆ ಸಿಗುತ್ತೆ. ಷೇರು ಮಾರಿದ ಲಾಭಕ್ಕೆ ಸಿಗಲ್ಲ."

ಇದನ್ನು ಒಮ್ಮೆ ಸರಿಯಾಗಿ ಅರ್ಥ ಮಾಡಿಕೊಂಡರೆ ಮುಂದಿನದೆಲ್ಲಾ ಸಲೀಸು. ಆದಾಯ ತೆರಿಗೆಗೆ ಹಳೇದು, ಹೊಸದು ಅಂತ ಎರಡು ಪದ್ಧತಿ ಇವೆ. ಹೊಸ ಪದ್ಧತಿಯಲ್ಲಿ ತೆರಿಗೆ ಶುರುವಾಗುವುದು 4 ಲಕ್ಷದಿಂದಲೇ. 12 ಲಕ್ಷದವರೆಗೆ ಎಷ್ಟು ತೆರಿಗೆ ಬರುತ್ತದೋ ಅಷ್ಟನ್ನು, 60,000 ರೂಪಾಯಿವರೆಗೆ, ಸರ್ಕಾರ ರಿಬೇಟ್ ಅಂತ ಬಿಟ್ಟುಕೊಡುತ್ತದೆ. ಬಿಟ್ಟುಕೊಡುವುದು ಸ್ಲ್ಯಾಬ್ ಲೆಕ್ಕದ, ಅಂದರೆ ಆದಾಯ ಏರಿದಂತೆ ಹಂತ ಹಂತವಾಗಿ ಏರುವ ದರದ ತೆರಿಗೆಯನ್ನು ಮಾತ್ರ. ಷೇರಿನ ಲಾಭಕ್ಕೆ ಬೇರೆಯದೇ ದರ ಇದೆಯಲ್ಲ, ಅದು ಈ ರಿಬೇಟಿನ ಬುಟ್ಟಿಯೊಳಗೆ ಬರುವುದಿಲ್ಲ.

ನನ್ನ 2025-26ರ ಆದಾಯ ಹೀಗಿದೆ. ಪೆನ್ಷನ್ 5,52,000, ಅದರಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಹೋದರೆ 4,77,000. ಎಫ್‌ಡಿ ಬಡ್ಡಿ 1,10,000. ಡಿವಿಡೆಂಡ್, ಅಂದರೆ ಕಂಪನಿ ತನ್ನ ಲಾಭದಲ್ಲಿ ಷೇರುದಾರರಿಗೆ ಕೊಡುವ ಪಾಲು, 31,000. ಒಟ್ಟು 6,18,000. ಇದಕ್ಕೆ ಸ್ಲ್ಯಾಬ್ ಪ್ರಕಾರ 10,900 ರೂಪಾಯಿ ತೆರಿಗೆ, ಅದು ಪೂರ್ತಿ ರಿಬೇಟಿನಲ್ಲಿ ಹೋಯಿತು. ಫಂಡ್ ಲಾಭದ 14,625 ಮಾತ್ರ ಅಲ್ಲಾಡಲಿಲ್ಲ.

ಹಾಗಾಗಿ ಯಾವ ಷೇರು, ಯಾವ ಫಂಡ್ ಅನ್ನುವ ಮೊದಲು ಒಂದು ಹಾಳೆಯಲ್ಲಿ ಎರಡು ಕಂಬಸಾಲು ಎಳೆಯಿರಿ. ಎಡಗಡೆ ಸಂಬಳ, ಪೆನ್ಷನ್, ಬಡ್ಡಿ, ಬಾಡಿಗೆ, ಡಿವಿಡೆಂಡ್. ಬಲಗಡೆ ಷೇರು ಮತ್ತು ಫಂಡ್ ಮಾರಿದ ಲಾಭ ನಷ್ಟ. ಎರಡನ್ನೂ ಕೂಡಿಸಿ "12 ಲಕ್ಷದ ಒಳಗಿದೀನಿ" ಅಂತ ಸುಮ್ನೆ ಕೂರಬೇಡಿ.

ನನ್ನ ತಂಗಿಯ ಕಥೆ ಬೇರೆ. ಅವಳು ತಿಪಟೂರಿನಲ್ಲಿದ್ದಾಳೆ, ಪೆನ್ಷನ್ ಇಲ್ಲ. ಅಮ್ಮನಿಂದ ಬಂದ ಸೈಟು ಮಾರಿದ ದುಡ್ಡು ಅವಳ ಹೆಸರಲ್ಲಿದೆ. ವರ್ಷಕ್ಕೆ 1,50,000 ಬಡ್ಡಿ ಬರುತ್ತದೆ, ಅಷ್ಟೇ. 4 ಲಕ್ಷದ ಮೂಲ ಮಿತಿಯಲ್ಲಿ 2,50,000 ಖಾಲಿ ಬಿದ್ದಿದೆ. ಆ ಖಾಲಿ ಜಾಗಕ್ಕೆ ಷೇರಿನ ಲಾಭವನ್ನು ತುಂಬಿಸಿಕೊಳ್ಳಬಹುದು. ಆಮೇಲೆ 1,25,000 ಹೇಗೂ ಇದೆ. ಅಂದರೆ ಅವಳು ಒಂದು ವರ್ಷದಲ್ಲಿ 3,75,000 ದೀರ್ಘಾವಧಿ ಲಾಭ ತೆಗೆದರೂ ತೆರಿಗೆ ಇಲ್ಲ. ರಿಟರ್ನ್ ಮಾತ್ರ ಹಾಕಲೇಬೇಕು. ಈ ಅನುಕೂಲ ಭಾರತದಲ್ಲೇ ವಾಸ ಇರುವವರಿಗೆ ಮಾತ್ರ. ಇನ್ನೊಂದು ಮಾತು, ದುಡ್ಡು ಅವಳದೇ ಆಗಿರಬೇಕು. ಗಂಡ ಹೆಂಡತಿ ಹೆಸರಿಗೆ ದುಡ್ಡು ಹಾಕಿ ಷೇರು ಕೊಂಡರೆ ಆ ಲಾಭ ಗಂಡನ ಲೆಕ್ಕಕ್ಕೇ ಸೇರುತ್ತದೆ. ನಮ್ಮ ಬೀದಿಯಲ್ಲಿ ಈ ಜಾಣತನ ಮಾಡಿದವರು ಇಬ್ಬರಾದರೂ ಇದ್ದಾರೆ.

ಅಟ್ಟದ ಮೇಲಿನ ಕಾಯಿ

ನಮ್ಮ ತವರು ತಿಪಟೂರು ಕಡೆ. ಅಲ್ಲಿ ಕೊಬ್ಬರಿ ಮಾಡುವವರು ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತಿರ ಹತ್ತಿರ ಒಂದು ವರ್ಷ ಬಿಡುತ್ತಾರೆ. ಒಳಗಿನ ನೀರು ಪೂರ್ತಿ ಆರಬೇಕು. ಗಿಟುಕು ಚಿಪ್ಪು ಬಿಟ್ಟು, ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಟಲೊಟ ಅನ್ನಬೇಕು. ನಮ್ಮಪ್ಪ ಒಂದೊಂದೇ ಕಾಯಿ ಅಲ್ಲಾಡಿಸಿ ನೋಡುತ್ತಿದ್ದರು. ಅವಸರಪಟ್ಟು ಒಡೆದರೆ ಅದು ಕೊಬ್ಬರಿಯೂ ಅಲ್ಲ, ಎಳೆಗಾಯಿಯೂ ಅಲ್ಲ.

ಷೇರೂ ಹಾಗೇ. 12 ತಿಂಗಳು ದಾಟದೆ ಮಾರಿದರೆ ಅಲ್ಪಾವಧಿ ಲಾಭ. ದರ ಶೇ. 20. 1,25,000ದ ವಿನಾಯಿತಿಯೂ ಇಲ್ಲ, ಹೊಸ ಪದ್ಧತಿಯಲ್ಲಿ ರಿಬೇಟೂ ಇಲ್ಲ. ನನ್ನ ಜೊತೆ ಕೆಲಸ ಮಾಡಿದ ಟೀಚರೊಬ್ಬರು ಹನ್ನೊಂದೂವರೆ ತಿಂಗಳಿಗೆ ಮಾರಿ 60,000 ಲಾಭ ಅಂತ ಸ್ವೀಟ್ ಹಂಚಿದರು. ತೆರಿಗೆ ಸೆಸ್ ಸೇರಿ 12,480 ಆಯಿತು. ಇನ್ನು ಮೂರು ವಾರ ತಡೆದಿದ್ದರೆ ಸೊನ್ನೆ.

ಒಂದೇ ಫಂಡಿಗೆ ತಿಂಗಳು ತಿಂಗಳು ಎಸ್‌ಐಪಿ ಕಟ್ಟುವವರು ಇಲ್ಲಿ ಎಡವುತ್ತಾರೆ. ಪ್ರತಿ ಕಂತಿಗೂ ಅದರದೇ 12 ತಿಂಗಳು. ಮಾರುವಾಗ ಮೊದಲು ಕೊಂಡ ಯೂನಿಟ್ಟೇ ಮೊದಲು ಹೋಗುತ್ತದೆ, ಅದೊಂದು ಸಮಾಧಾನ. ಫಂಡ್ ಬದಲಾಯಿಸುವುದು, ಏಜೆಂಟ್ ಮೂಲಕ ಕೊಂಡ ರೆಗ್ಯುಲರ್‌ನಿಂದ ಏಜೆಂಟ್ ಇಲ್ಲದ ಡೈರೆಕ್ಟ್‌ಗೆ ಹೋಗುವುದು, ಇವೂ ಮಾರಾಟವೇ. ದುಡ್ಡು ಕೈಗೆ ಬರದಿದ್ದರೂ ತೆರಿಗೆ ಲೆಕ್ಕಕ್ಕೆ ಮಾರಿದ ಹಾಗೆ.

2023ರ ಏಪ್ರಿಲ್ 1ರಿಂದ ಈಚೆಗೆ ಕೊಂಡ ಡೆಟ್ ಫಂಡಿಗೆ (ಷೇರಿನ ಬದಲು ಬಾಂಡು, ಸಾಲಪತ್ರಗಳಲ್ಲಿ ದುಡ್ಡು ಹಾಕುವ ಫಂಡು) ಎಷ್ಟು ವರ್ಷ ಕಾದರೂ ಸ್ಲ್ಯಾಬ್ ದರವೇ. ಅದನ್ನು ಎಫ್‌ಡಿ ಬಡ್ಡಿ ಇದ್ದ ಹಾಗೆ ಎಡಗಡೆ ಕಂಬಸಾಲಿಗೆ ಬರೆಯಿರಿ.

ಮಿತಿ ಬದಲಾದಾಗ ಗಾಬರಿ ಬೇಡ

2018ರ ಮಾರ್ಚ್ 31ರವರೆಗೆ ದೀರ್ಘಾವಧಿ ಷೇರು ಲಾಭಕ್ಕೆ ತೆರಿಗೆಯೇ ಇರಲಿಲ್ಲ. ಆಮೇಲೆ 1 ಲಕ್ಷದ ಮೇಲೆ ಶೇ. 10 ಬಂತು. 2024ರ ಜುಲೈ 23ಕ್ಕೆ ಮಿತಿ 1,25,000, ದರ ಶೇ. 12.5 ಆಯಿತು. ಅಲ್ಪಾವಧಿಯ ದರ 15ರಿಂದ 20ಕ್ಕೆ ಏರಿತು. ಅವತ್ತು ಎಲ್ಲರೂ ದರ ಏರಿತು ಅಂತ ಬಾಯಿ ಬಡಿದುಕೊಂಡರು. ನಾನು ಹಳೇ ಚಟದಂತೆ ಒಂದು ಸಮೀಕರಣ ಬರೆದೆ. ಹಳೇ ಲೆಕ್ಕ, ಹೊಸ ಲೆಕ್ಕ ಎರಡೂ ಎಲ್ಲಿ ಸಮ ಆಗುತ್ತವೆ? ಲಾಭ 2,25,000 ಇದ್ದಾಗ. ಹಳೇ ಪ್ರಕಾರ 1,25,000ಕ್ಕೆ ಶೇ. 10, ಅಂದರೆ 12,500. ಹೊಸ ಪ್ರಕಾರ 1,00,000ಕ್ಕೆ ಶೇ. 12.5, ಅದೂ 12,500. ವರ್ಷಕ್ಕೆ ಅದಕ್ಕಿಂತ ಕಡಿಮೆ ಲಾಭ ತೆಗೆಯುವ ನಮ್ಮಂಥವರಿಗೆ ಈ ಬದಲಾವಣೆಯಿಂದ ಅನುಕೂಲವೇ ಆಗಿದೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ. ಅದರಲ್ಲೂ ಈ ಮಿತಿ, ಈ ದರ ಹಾಗೇ ಇವೆ.

ಈ 1,25,000ವನ್ನು ಆ ವರ್ಷ ಬಳಸದಿದ್ದರೆ ಮುಂದಿನ ವರ್ಷಕ್ಕೆ ಸೇರಲ್ಲ. ಅದಕ್ಕೇ ಕೆಲವರು ದುಡ್ಡಿನ ಅಗತ್ಯ ಇಲ್ಲದಿದ್ದರೂ ವರ್ಷ ವರ್ಷ ಅಷ್ಟು ಲಾಭ ಬರುವಷ್ಟು ಮಾರಿ, ಮತ್ತೆ ಕೊಳ್ಳುತ್ತಾರೆ. ಆಗ ಕೊಂಡ ಬೆಲೆ ಹೊಸದಾಗುತ್ತದೆ, ಮುಂದೊಂದು ದಿನ ಪೂರ್ತಿ ಮಾರಿದಾಗ ಲಾಭ ಕಡಿಮೆ ಕಾಣುತ್ತದೆ. ನನ್ನ ಫಂಡಿನಲ್ಲಿ 1,18,750 ಲಾಭವನ್ನು ಹೀಗೆ ತೆಗೆದು ಮತ್ತೆ ಹಾಕಿದ್ದರೆ, ಮುಂದೆ ಕಟ್ಟಬೇಕಾದ ತೆರಿಗೆಯಲ್ಲಿ ಸುಮಾರು 15,400 ಉಳಿಯುತ್ತಿತ್ತು.

ಮಾಡುವುದಾದರೆ ಎಚ್ಚರ. ಷೇರನ್ನು ಮಾರಿದ ದಿನವೇ ಅದೇ ಖಾತೆಯಲ್ಲಿ ವಾಪಸ್ ಕೊಂಡರೆ ಅದು ಆ ದಿನದ ಜೂಜಿನ ವ್ಯವಹಾರ ಅಂತ ಆಗಿ ಲೆಕ್ಕವೇ ಕೆಡುತ್ತದೆ. ಮಾರನೇ ದಿನ ಕೊಳ್ಳಿ. ಷೇರಿಗೆ ಮಾರುವಾಗ ಶೇ. 0.1, ಕೊಳ್ಳುವಾಗ ಶೇ. 0.1 ಎಸ್‌ಟಿಟಿ, ಅಂದರೆ ಷೇರು ವಹಿವಾಟಿನ ತೆರಿಗೆ ಹೋಗುತ್ತದೆ, ಬ್ರೋಕರ್ ಖರ್ಚು ಬೇರೆ. ಫಂಡಿನಲ್ಲಿ ಖರ್ಚು ಕಡಿಮೆ, ಆದರೆ ದುಡ್ಡು ಖಾತೆಗೆ ಬರುವುದಕ್ಕೆ ಎರಡು ಮೂರು ಕೆಲಸದ ದಿನ ಬೇಕು, ಅಷ್ಟರಲ್ಲಿ ಬೆಲೆ ಏರಬಹುದು. ಮತ್ತೆ ಕೊಂಡಿದ್ದಕ್ಕೆ 12 ತಿಂಗಳು ಹೊಸದಾಗಿ ಶುರು. ಎಷ್ಟೋ ಫಂಡುಗಳಲ್ಲಿ ವರ್ಷದೊಳಗೆ ತೆಗೆದರೆ ಶೇ. 1 ಎಕ್ಸಿಟ್ ಲೋಡೂ ಇದೆ. ಲಾಭ ಹತ್ತಿಪ್ಪತ್ತು ಸಾವಿರ ಇರುವವರಿಗೆ ಈ ಸರ್ಕಸ್ಸು ಬೇಡ ಅಂತಲೇ ನನ್ನ ಮಾತು.

ಡಿವಿಡೆಂಡ್: ಅಮ್ಮನಿಗೆ ಸರಿ, ಮಗನಿಗೆ ಬೇಡ

2020ರ ಮಾರ್ಚ್‌ವರೆಗೆ ಡಿವಿಡೆಂಡ್ ಮೇಲಿನ ತೆರಿಗೆಯನ್ನು ಕಂಪನಿಯೇ ಕಟ್ಟಿ ಕಳಿಸುತ್ತಿತ್ತು. ನಮ್ಮಂಥವರ ಕೈಗೆ ಬಂದಿದ್ದು ಪೂರ್ತಿ ನಮ್ಮದು. ಈಗ ಅದು ನಮ್ಮ ಆದಾಯಕ್ಕೆ ಸೇರುತ್ತದೆ, ನಮ್ಮ ಸ್ಲ್ಯಾಬ್ ದರದಲ್ಲೇ ತೆರಿಗೆ.

ಬೆಂಗಳೂರಿನಲ್ಲಿರುವ ಮಗ ಒಂದು ಭಾನುವಾರ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಬಂದಿದ್ದ. ತಿನ್ನುತ್ತಾ, "ಅಮ್ಮಾ, ಚೆನ್ನಾಗಿ ಡಿವಿಡೆಂಡ್ ಕೊಡೋ ಷೇರು ತಗೊಳ್ಳೋಣ ಅಂತಿದೀನಿ" ಅಂದ. "ನಾನು ತಗೋತೀನಿ, ನೀನು ಬೇಡ ಕಣೋ" ಅಂದೆ. ಅವನು 30ರ ಸ್ಲ್ಯಾಬಿನಲ್ಲಿದ್ದಾನೆ. ಒಂದು ಲಕ್ಷ ಡಿವಿಡೆಂಡ್ ಬಂದರೆ ಸೆಸ್ ಸೇರಿ 31,200 ಹೋಗುತ್ತದೆ. ಅದೇ ಒಂದು ಲಕ್ಷ ನನಗೆ ಬಂದರೆ ರಿಬೇಟಿನ ಒಳಗೇ ಇರುತ್ತದೆ, ಏನೂ ಇಲ್ಲ. ಷೇರು ಮಾರಿದ ಲಾಭಕ್ಕಾದರೆ ಇಬ್ಬರಿಗೂ ಒಂದೇ ದರ. ಹಾಗಾಗಿ ಅವನಿಗೆ ಫಂಡಿನಲ್ಲಿ, ಲಾಭವನ್ನು ಹಂಚದೆ ಒಳಗೇ ಬೆಳೆಯಲು ಬಿಡುವ ಗ್ರೋತ್ ಆಯ್ಕೆಯೇ ಸರಿ.

"ಹಾಗಾದ್ರೆ ದುಡ್ಡು ನಿನಗೆ ಕೊಡ್ತೀನಿ, ನಿನ್ನ ಹೆಸರಲ್ಲಿ ಹಾಕು" ಅಂದ. ಕಾನೂನಿನಲ್ಲಿ ಅಡ್ಡಿ ಇಲ್ಲ. ಮಗ ತಾಯಿಗೆ ಕೊಟ್ಟ ದುಡ್ಡಿನಿಂದ ಬರುವ ಆದಾಯ ತಾಯಿಯದೇ. ಆದರೆ ನನಗೆ ಇನ್ನೊಬ್ಬಳು ಮಗಳೂ ಇದ್ದಾಳೆ. ನಾಳೆ ಅದು ಯಾರ ದುಡ್ಡು ಅನ್ನುವ ಪ್ರಶ್ನೆ ತೆರಿಗೆ ಇಲಾಖೆ ಕೇಳುವುದಲ್ಲ, ಮನೆಯಲ್ಲಿ ಏಳುವುದು. ಬೇಡ ಅಂದೆ.

ಮ್ಯೂಚುವಲ್ ಫಂಡಿನಲ್ಲಿ ಡಿವಿಡೆಂಡ್ ಅಂತಿದ್ದ ಆಯ್ಕೆಗೆ 2021ರಿಂದ ಐಡಿಸಿಡಬ್ಲ್ಯೂ ಅಂತ ಹೆಸರು. ಅದು ನಮ್ಮದೇ ಗಂಟಿನಿಂದ ತೆಗೆದು ನಮಗೇ ಕೊಡುವುದು. ಕೊಟ್ಟಷ್ಟು ಎನ್‌ಎವಿ ಇಳಿಯುತ್ತದೆ. ತಿಂಗಳು ತಿಂಗಳು ಕೈಗೆ ದುಡ್ಡು ಬೇಕು ಅನ್ನುವವರು ಗ್ರೋತ್ ಇಟ್ಟುಕೊಂಡು ಎಸ್‌ಡಬ್ಲ್ಯೂಪಿ, ಅಂದರೆ ತಿಂಗಳಿಗಿಷ್ಟು ಅಂತ ತಾನಾಗಿ ಮಾರಿ ದುಡ್ಡು ಕಳಿಸುವ ಏರ್ಪಾಡು ಹಾಕಿಸಬಹುದು. ತೆಗೆದ ದುಡ್ಡಿನಲ್ಲಿ ಲಾಭದ ಪಾಲಿಗೆ ಮಾತ್ರ ತೆರಿಗೆ, ಅದಕ್ಕೂ 1,25,000ದ ಮಿತಿ ಸಿಗುತ್ತದೆ.

ಒಂದು ಕಂಪನಿಯಿಂದ ವರ್ಷಕ್ಕೆ 10,000 ದಾಟಿ ಡಿವಿಡೆಂಡ್ ಬಂದರೆ ಶೇ. 10 ಟಿಡಿಎಸ್, ಅಂದರೆ ದುಡ್ಡು ಕೊಡುವ ಮೊದಲೇ ಮುರಿದುಕೊಳ್ಳುವ ತೆರಿಗೆ ಹಿಡಿಯುತ್ತಾರೆ. 2025ರ ಮಾರ್ಚ್‌ವರೆಗೆ ಈ ಮಿತಿ 5,000 ಇತ್ತು. ನನಗೆ ಒಂದು ಕಂಪನಿಯಿಂದ 14,000 ಬರುತ್ತದೆ. ತೆರಿಗೆ ಬರಲ್ಲ ಅಂತ 60 ದಾಟಿದವರು ಬರೆದುಕೊಡುವ 15ಎಚ್ ನಮೂನೆಯನ್ನು ಜೂನ್‌ನಲ್ಲೇ ಕಳಿಸಿದ್ದೆ. ನನ್ನ ವಿದ್ಯಾರ್ಥಿ ಅದನ್ನು ನೋಡಿ ತಲೆ ಕೆರೆದುಕೊಂಡ. "ಏಪ್ರಿಲ್‌ನಲ್ಲೇ ಅಷ್ಟು ಮಾರಿದ್ರಿ. ಆ ವರ್ಷ ನಿಮಗೆ ತೆರಿಗೆ ಬರುತ್ತೆ. ಇದನ್ನ ಕೊಡೋ ಹಾಗೇ ಇರಲಿಲ್ಲ ಮೇಡಂ." ಸುಳ್ಳು ಬರೆಯುವ ಉದ್ದೇಶ ನನಗಿರಲಿಲ್ಲ, ಆದರೆ ಬರೆದಿದ್ದು ತಪ್ಪೇ. ಆ ವರ್ಷ 1,25,000 ದಾಟಿ ಲಾಭ ತೆಗೆಯುವ ಅಂದಾಜಿದ್ದರೆ ಈ ನಮೂನೆಗೆ ಸಹಿ ಹಾಕುವ ಮೊದಲು ಲೆಕ್ಕ ಮಾಡಿ. ಹೊಸ ಕಾಯ್ದೆ ಬಂದ ಮೇಲೆ ನಮೂನೆಯ ನಂಬರನ್ನೂ ನೋಡಿಕೊಂಡೇ ತುಂಬಿ.

ನಷ್ಟದ ಷೇರಿಗೂ ಒಂದು ಕಾಲ

"ನಷ್ಟದಲ್ಲಿರೋದು ಏನಾದ್ರೂ ಇದೆಯಾ ಮೇಡಂ?" ಅಂತ ಆ ಹುಡುಗ ಕೇಳಿದ. ಇತ್ತು. ಸ್ಟಾಫ್ ರೂಮಿನಲ್ಲಿ ಯಾರೋ ಹೇಳಿದರು ಅಂತ ಕೊಂಡ ಒಂದು ಷೇರು, ನಾಲ್ಕು ವರ್ಷದಿಂದ 40,000 ನಷ್ಟದಲ್ಲಿ ಬಿದ್ದಿತ್ತು. ನಾಚಿಕೆಗೆ ಯಾರಿಗೂ ಹೇಳಿರಲಿಲ್ಲ. "ಮಾರಿಬಿಡಿ, ಈ ವರ್ಷವೇ. ಮಾರ್ಚ್ 31ಕ್ಕೆ ಕಾಯಬೇಡಿ, ಈ ಸಲ ಮಹಾವೀರ ಜಯಂತಿ ರಜೆ" ಅಂದ. ನಗು ಬಂತು.

ದೀರ್ಘಾವಧಿ ನಷ್ಟವನ್ನು ದೀರ್ಘಾವಧಿ ಲಾಭದಲ್ಲಿ ಮಾತ್ರ ಕಳೆಯಬಹುದು. ಅಲ್ಪಾವಧಿ ನಷ್ಟವನ್ನು ಎರಡರಲ್ಲೂ ಕಳೆಯಬಹುದು. ಆದರೆ ಇಲ್ಲೊಂದು ಗುಂಡಿ ಇದೆ. ನಷ್ಟ ಮೊದಲು ಕಳೆಯುತ್ತದೆ, 1,25,000ದ ವಿನಾಯಿತಿ ಆಮೇಲೆ ಬರುತ್ತದೆ. ಲಾಭ 1,10,000 ಮಾತ್ರ ಇದ್ದ ವರ್ಷ ನಾನು ಈ ಷೇರು ಮಾರಿದ್ದರೆ, ಹೇಗೂ ತೆರಿಗೆ ಇಲ್ಲದ ಲಾಭವನ್ನು ನಷ್ಟ ತಿಂದು ಹಾಕುತ್ತಿತ್ತು. 40,000 ನೀರಲ್ಲಿ ಹೋಮ. ಲಾಭ ಮಿತಿ ದಾಟಿದ ವರ್ಷದಲ್ಲೇ ನಷ್ಟದ ಷೇರು ಹೊರಗೆ ಹಾಕಬೇಕು. ನನಗೆ ಈ ಸಲ ದಾಟಿತ್ತಲ್ಲ, ಮಾರ್ಚ್ ಎರಡನೇ ವಾರ ಮಾರಿದೆ. 1,12,500 ಇದ್ದಿದ್ದು 72,500ಕ್ಕೆ ಇಳಿಯಿತು. ತೆರಿಗೆ 14,625ರಿಂದ 9,425 ಆಯಿತು. ಹತ್ತರ ಹತ್ತಿರಕ್ಕೆ ಅಂದರೆ 9,430.

ಕಳೆಯಲು ಆ ವರ್ಷ ಸಾಕಷ್ಟು ಲಾಭ ಇಲ್ಲದಿದ್ದರೆ ನಷ್ಟವನ್ನು 8 ವರ್ಷ ಮುಂದಕ್ಕೆ ಒಯ್ಯಬಹುದು. ಗಡುವಿನೊಳಗೆ ರಿಟರ್ನ್ ಹಾಕಿದವರಿಗೆ ಮಾತ್ರ.

ಪುಸ್ತಕ ಮತ್ತು ತಾರೀಖು

ನಾನು 200 ಪುಟದ ನೋಟ್‌ಬುಕ್ ಇಟ್ಟಿದ್ದೇನೆ. ಕೊಂಡ ದಿನ, ಬೆಲೆ, ಎಷ್ಟು, 12 ತಿಂಗಳು ದಾಟುವ ದಿನ. ಕೊನೆಯ ಸಾಲನ್ನು ಕೆಂಪು ಪೆನ್ನಿನಲ್ಲಿ ಬರೆಯುತ್ತೇನೆ, ಅಭ್ಯಾಸ ಬಿಟ್ಟಿಲ್ಲ. ನಮ್ಮ ಯಜಮಾನರ ಕಾಲದ ನಂತರ ನನಗೆ ಬಂದ ಷೇರುಗಳಿಗೆ ಅವರು ಕೊಂಡ ದಿನ, ಅವರು ಕೊಟ್ಟ ಬೆಲೆಯೇ ಲೆಕ್ಕ. ಅದಕ್ಕೆ ಅವರ ಹಳೇ ಕಾಂಟ್ರ್ಯಾಕ್ಟ್ ನೋಟುಗಳನ್ನು ಟ್ರಂಕಿನಿಂದ ತೆಗೆದು ಜೋಡಿಸಿದೆ. 2018ರ ಜನವರಿ 31ಕ್ಕಿಂತ ಹಿಂದೆ ಕೊಂಡಿದ್ದಾದರೆ ಆ ದಿನದ ಬೆಲೆಯನ್ನೂ ಪಕ್ಕದಲ್ಲಿ ಬರೆಯಿರಿ. ಅದು ಜಾಸ್ತಿ ಇದ್ದರೆ, ಮಾರಿದ ಬೆಲೆ ಮೀರದಂತೆ, ಅದನ್ನೇ ಕೊಂಡ ಬೆಲೆ ಅಂತ ತೋರಿಸಬಹುದು.

ಜಾತ್ರೆ ಮುಗಿದ ವಾರ ಲೆಕ್ಕ, ಮಾರ್ಚ್ 20ರೊಳಗೆ ಮಾರಾಟ. ಈಗ ನನ್ನ ಮನೆಯ ಪಂಚಾಂಗ ಇದು. ಫಂಡಾದರೆ ಮಧ್ಯಾಹ್ನ 3ರ ಒಳಗೆ ಆರ್ಡರ್ ಹಾಕಿದರೆ ಆ ದಿನದ ಎನ್‌ಎವಿ. 60 ದಾಟದವರು ಇನ್ನೊಂದು ನೆನಪಿಡಿ. ಟಿಡಿಎಸ್ ಕಳೆದು 10,000 ಅಥವಾ ಹೆಚ್ಚು ತೆರಿಗೆ ಉಳಿಯುವುದಾದರೆ ಮುಂಗಡವಾಗಿ ಕಟ್ಟಬೇಕು, ಕೊನೆಯ ಕಂತು ಮಾರ್ಚ್ 15. ವ್ಯಾಪಾರದ ಆದಾಯ ಇಲ್ಲದ ಹಿರಿಯರಿಗೆ ಅದರ ಕಾಟ ಇಲ್ಲ.

ರಿಟರ್ನ್ ಹಾಕುವ ಮುಂಚೆ ಇಲಾಖೆಯ ಜಾಲತಾಣದಲ್ಲಿ ಎಐಎಸ್, ಅಂದರೆ ನಿಮ್ಮ ವರ್ಷದ ಆದಾಯ ವಹಿವಾಟಿನ ಪಟ್ಟಿ ಇಳಿಸಿಕೊಳ್ಳಿ. ಯಾವ ಕಂಪನಿ ಎಷ್ಟು ಡಿವಿಡೆಂಡ್ ಕೊಟ್ಟಿತು, ಎಷ್ಟಕ್ಕೆ ಮಾರಿದಿರಿ, ಎಲ್ಲಾ ಅವರ ಹತ್ತಿರ ಇದೆ. ಕೊಂಡ ಬೆಲೆಯನ್ನು ಮಾತ್ರ ನಿಮ್ಮ ಪುಸ್ತಕದ ಜೊತೆ ತಾಳೆ ನೋಡಿ. ದೀರ್ಘಾವಧಿ ಷೇರು ಲಾಭ 1,25,000ದ ಒಳಗಿದ್ದರೆ ಈಗ ಸರಳವಾದ ಐಟಿಆರ್-1 ಅನ್ನುವ ರಿಟರ್ನ್ ನಮೂನೆ ಸಾಕು. ದಾಟಿದ್ದರೆ, ಅಥವಾ ಅಲ್ಪಾವಧಿ ಲಾಭ ಇದ್ದರೆ, ಐಟಿಆರ್-2. ತೋಟ ಇರುವವರು ಒಂದು ಗಮನಿಸಿ. ತೆಂಗು ಅಡಿಕೆಯ ಆದಾಯ 5,000 ದಾಟಿದರೂ ಐಟಿಆರ್-1 ಆಗುವುದಿಲ್ಲ. ತಂಗಿಯ ಯಜಮಾನರು ಎರಡು ವರ್ಷ ಅದರಲ್ಲೇ ಹಾಕಿದ್ದರಂತೆ. ಅವರ ಕಾಗದಗಳನ್ನೂ ಈ ಸಲ ನನ್ನ ಚೀಲಕ್ಕೇ ಹಾಕಿ ಕಳಿಸಿದ್ದಾಳೆ. ಜುಲೈ 31ರೊಳಗೆ ಮುಗಿಸಬೇಕು, ಅದಕ್ಕೆ ಜೂನ್ ಕೊನೆಯ ಶನಿವಾರಕ್ಕೇ ಆ ಹುಡುಗನಿಗೆ ಹೇಳಿಟ್ಟಿದ್ದೇನೆ.